ಈ ಸೊಂಟಕ್ಕೆ ಈ ರಕ್ತವಲ್ಲ

ಗದ್ದದ ಎಡಗಡೆ ಒಂದೇ ಒಂದು ಕೂದಲು ಪ್ಲಕ್ಕರಿಗೆ ಸಿಕ್ಕದೆ ಜಾರುತ್ತಿತ್ತು. ಕನ್ನಡಿಯ ಹತ್ತಿರ ಹೋದರೆ ಅವಳದೇ ಉಸಿರು ಗಾಜನ್ನು ಮಬ್ಬು ಮಾಡುತ್ತಿತ್ತು. ಹಿಂದೆ ಸರಿದರೆ ಕೂದಲು ಕಾಣುತ್ತಿರಲಿಲ್ಲ, ಬೆರಳಿಟ್ಟರೆ ಮಾತ್ರ ಇದ್ದೇ ಇತ್ತು, ಮೊಂಡಾಗಿ. ಹದಿನೇಳು, ಎಂದಿತು ಮನಸ್ಸು. ನಿನ್ನೆ ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ ಡಾಕ್ಟರಮ್ಮ ಹೇಳಿದ್ದರು, "ಹದಿನೇಳನೇ ನಂಬರಿನ ರಕ್ತದ ರಿಪೋರ್ಟು ಬಂದಿದೆ ಕಣ್ರೀ. ಏನೋ ಎಡವಟ್ಟಾಗಿದೆ. ನಾಳೆ ನೋಡೋಣ." "ಹೌದಾ ಮೇಡಂ" ಎಂದಿದ್ದಳು, ಯಾರದೋ ಮನೆಯ ಸುದ್ದಿ ಕೇಳಿದವಳ ಹಾಗೆ. ಹದಿನೇಳನೇ ನಂಬರು ಅವಳದೇ ಆಗಿತ್ತು. ಅದು ಅವಳದು ಎಂದು ಆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಥವಾ ಹಾಗೆಂದು ಅವಳು ನಂಬಿಕೊಂಡಿದ್ದಳು. ಬಚ್ಚಲಿನ ಹೊರಗಿಂದ ಅಮ್ಮ, "ಏನೇ ಅದು ಒಳಗೆ, ಗಂಡಸರು ಗಡ್ಡ ಮಾಡ್ಕೊಳ್ಳೋಕೂ ಇಷ್ಟು ಹೊತ್ತು ತಗೊಳಲ್ಲ" ಎಂದಳು. ಅಮ್ಮನಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿಲ್ಲದ ಹಾಗೆ ಚುಚ್ಚುವುದು ಅಮ್ಮನಿಗೆ ಅಭ್ಯಾಸವಾಗಿ ಹೋಗಿತ್ತು. ಕೊನೆಗೂ ಕೂದಲು ಬಂತು, ಅದರ ಜೊತೆಗೆ ಒಂದು ಹನಿ ರಕ್ತವೂ. ಅದಕ್ಕೂ ಮೊದಲು ಗದ್ದಕ್ಕೆ ಆಡಿಸಿದ್ದ ರೇಜರನ್ನು ಮತ್ತೆ ಕಾಲುಚೀಲದೊಳಗೆ ಹುದುಗಿಸಿ ಅವಳು ಹೊರಗೆ ಬಂದಳು.

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಹೋದಳು. ಕೂತರೆ ಹೊಟ್ಟೆ ತೊಡೆಯ ಮೇಲೆ ಬಂದು ಕೂರುತ್ತದೆ, ಚೀಲವನ್ನು ಅಡ್ಡ ಇಟ್ಟುಕೊಳ್ಳಬೇಕಾಗುತ್ತದೆ, ಪಕ್ಕದವರು ಚೀಲ ನೋಡಿ ಆಮೇಲೆ ಮುಖ ನೋಡುತ್ತಾರೆ. ಒಮ್ಮೆ ಒಬ್ಬ ಮುದುಕಿ ಎದ್ದು ಸೀಟು ಬಿಟ್ಟುಕೊಟ್ಟಿದ್ದಳು, "ಎಷ್ಟು ತಿಂಗಳಮ್ಮಾ?" ಎಂದು ಕೇಳಿ. "ಐದು" ಎಂದಿದ್ದಳು ಅವಳು, ಕೂತೂ ಬಿಟ್ಟಿದ್ದಳು. ಆ ಮುದುಕಿ ನಾಲ್ಕು ಸ್ಟಾಪು ನಿಂತುಕೊಂಡೇ ಬಂದು, ಇಳಿಯುವಾಗ ಅವಳ ತಲೆ ಸವರಿ ಹೋಗಿತ್ತು. ಆಗಲೂ ಅವಳಿಗೆ ನಾಚಿಕೆಗಿಂತ ಮೊದಲು ಆದದ್ದು ಒಂದು ಥರದ ಸುಖ. ಹಾಗಾಗಿ ಸುಳ್ಳು ಹೇಳುವುದು ಅವಳಿಗೆ ಹೊಸದೇನಲ್ಲ. ಸುಳ್ಳಿನೊಳಗೆ ಒಂದು ಗಳಿಗೆ ಕೂತು ದಣಿವಾರಿಸಿಕೊಳ್ಳುವುದನ್ನು ಅವಳ ಮೈಯೇ ಕಲಿಸಿಕೊಟ್ಟಿತ್ತು.

ಕೆಲಸ ಮಾತ್ರ ಸುಳ್ಳಿಗೆ ಒಗ್ಗದ್ದು. ಆಸ್ಪತ್ರೆಯ ಕೊನೆಯ ಕಾರಿಡಾರಿನ ಕೊನೆಯ ಕೋಣೆ, ಒಂದು ತೂಕದ ಯಂತ್ರ, ಗೋಡೆಗೆ ಹೊಡೆದ ಎತ್ತರದ ಪಟ್ಟಿ, ಚಕ್ರದ ಕಾಲಿನ ಒಂದು ಬಿಳಿ ಪರದೆ, ಮತ್ತು ಅವಳ ಟೇಪು. ಅಂಡಾಶಯದಲ್ಲಿ ಗುಳ್ಳೆಗಳಾಗಿ ಮುಟ್ಟು ತಪ್ಪುವ, ಮುಖದ ಮೇಲೆ ಕೂದಲು ಬರುವ ಪಿಸಿಒಎಸ್ ಕಾಯಿಲೆ ಇರುವ ಹೆಂಗಸರಲ್ಲಿ ಕೊಬ್ಬು ಮೈಯ ಯಾವ ಭಾಗಕ್ಕೆ ಹೋಗಿ ಕೂರುತ್ತದೆ, ಯಾವ ಹಾರ್ಮೋನು ಅದನ್ನು ಅಲ್ಲಿಗೆ ಕಳಿಸುತ್ತದೆ ಎಂಬುದು ಡಾಕ್ಟರಮ್ಮನ ಸಂಶೋಧನೆ. ಕಾಯಿಲೆ ಇರುವ ನಲವತ್ತು ಜನ, ಹೋಲಿಸಿ ನೋಡಲು ಆರೋಗ್ಯವಾಗಿರುವ ನಲವತ್ತು ಜನ. ಕೆಳಗಿನ ಪಕ್ಕೆಲುಬಿನ ತುದಿ ಹುಡುಕಬೇಕು, ಸೊಂಟದ ಮೂಳೆಯ ಏಣು ಹುಡುಕಬೇಕು, ಎರಡರ ನಟ್ಟನಡುವೆ ಪೆನ್ನಿನಿಂದ ಚುಕ್ಕೆ ಇಟ್ಟು, ಉಸಿರು ಸಹಜವಾಗಿ ಹೊರಗೆ ಹೋದ ಮೇಲೆ ಟೇಪು ಬಿಗಿಯದೆ ಸಡಿಲಿಸದೆ ಓದಬೇಕು. ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಎಪ್ಪತ್ತರ ಅಜ್ಜಿಯರೂ ಎಳೆದುಕೊಳ್ಳುತ್ತಾರೆ. "ಹೊಟ್ಟೆ ಬಿಡಿ. ನನ್ನ ಟೇಪಿಗೆ ಮೋಸ ಮಾಡ್ಬೇಡಿ" ಎನ್ನುತ್ತಾಳೆ ಅವಳು. ಕಾಯುವ ಬೆಂಚಿನ ಹೆಂಗಸರು ಅವಳಿಗೆ ಟೇಪಮ್ಮ ಎಂದು ಹೆಸರಿಟ್ಟದ್ದು ಅದಕ್ಕೆ. ಮೂರು ಸಲ ಅಳೆಯುತ್ತಾಳೆ, ಅರ್ಧ ಸೆಂಟಿಮೀಟರನ್ನೂ ಬಿಡುವುದಿಲ್ಲ. "ಟೇಪಮ್ಮನ ಅಂಕಿ ಅಂದ್ರೆ ಅಂಕಿ" ಎಂದು ಡಾಕ್ಟರಮ್ಮ ಹೊರಗಿನಿಂದ ಬಂದ ದೊಡ್ಡ ಡಾಕ್ಟರರ ಎದುರಿಗೆ ಹೇಳಿದ ದಿನ ಅವಳು ಮನೆಗೆ ನಡೆದುಕೊಂಡೇ ಹೋಗಿದ್ದಳು, ಬಸ್ಸು ಬೇಡವೆನಿಸಿ. ಇಡೀ ಮೈಯಲ್ಲಿ ಅವಳು ಮೆಚ್ಚಿದ ಜಾಗ ಎಂದರೆ ಟೇಪು ಹಿಡಿದ ಆ ಎರಡು ಬೆರಳುಗಳು.

ಆ ಬೆರಳುಗಳೇ ಸುಳ್ಳು ಬರೆದವು. ಆರೋಗ್ಯವಂತರ ಗುಂಪಿಗೆ ಒಬ್ಬರು ಕಡಿಮೆ ಬಿದ್ದ ದಿನ ಡಾಕ್ಟರಮ್ಮ ಎಲ್ಲರ ಮುಂದೆಯೇ, "ಅಯ್ಯೋ, ನಮ್ಮ ಟೇಪಮ್ಮ ಇದ್ದಾರಲ್ಲ! ನಿಮಗೇನೂ ತೊಂದ್ರೆ ಇಲ್ಲ ತಾನೆ? ಮುಟ್ಟು ಗಿಟ್ಟು ಎಲ್ಲ ಸರಿಯಾಗಿದೆ ತಾನೆ?" ಎಂದಿದ್ದರು. ಬೆಂಚಿನ ತುಂಬ ಹೆಂಗಸರು. ಹತ್ತೊಂಬತ್ತನೇ ವಯಸ್ಸಿಗೆ ಯಾವುದೋ ಕ್ಲಿನಿಕ್ಕಿನಲ್ಲಿ, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿಸಿಕೊಂಡು ಮಲಗಿದ್ದಾಗ, ಸ್ಕ್ಯಾನಿಂಗ್ ಯಂತ್ರದ ಪರದೆಯ ಮೇಲಿನ ಕಪ್ಪು ಚುಕ್ಕೆಗಳನ್ನು ತೋರಿಸಿ ಯಾರೋ "ಇವೇ ನೋಡಿ" ಎಂದದ್ದು, ಅಮ್ಮ "ಈ ವಿಷಯ ಇಲ್ಲಿಗೇ ಮುಗೀಲಿ" ಎಂದದ್ದು, ಆಮೇಲೆ ಹದಿನೈದು ವರ್ಷ ಅದು ಅಲ್ಲಿಗೇ ಮುಗಿದದ್ದು, ಎಲ್ಲ ಅವಳ ಕಣ್ಣ ಮುಂದೆ ಬಂತು. "ಏನೂ ಇಲ್ಲ ಮೇಡಂ. ಎಲ್ಲಾ ಸರಿಯಾಗಿದೆ" ಎಂದಳು. ಎಲ್ಲಾ ಸರಿಯಾಗಿರುವವರ ಪಟ್ಟಿಗೆ ಸೇರಿಕೊಳ್ಳಬಹುದೆಂದರೆ ಯಾರಿಗೆ ಬೇಡ? ಹೆಸರು ನೋಡಿದರೆ ಮನಸ್ಸು ಅಂಕಿಯನ್ನು ತಿದ್ದುತ್ತದೆ ಎಂದು ಡಾಕ್ಟರಮ್ಮ ಚೀಟಿ ಎತ್ತಿಸಿ ನಂಬರು ಕೊಡುತ್ತಿದ್ದರು. ಹೆಸರುಗಳೆಲ್ಲ ಒಂದು ಅಂಟಿಸಿದ ಲಕೋಟೆಯೊಳಗೆ, ಕೊನೆಯ ದಿನದವರೆಗೂ ಒಡೆಯುವ ಹಾಗಿಲ್ಲ. ಅವಳಿಗೆ ಬಂದದ್ದು ಹದಿನೇಳು. "ಅಳೆಯೋರನ್ನ ಅಳೆಯೋರು ಯಾರು? ನೀವೇ ಅಳೆದುಕೊಂಡು ಬರೀರಿ" ಎಂದು ನಕ್ಕು ಅವರು ಒಳಗೆ ಹೋದರು. ಪರದೆಯ ಹಿಂದೆ ಅವಳು ಅಳೆದುಕೊಳ್ಳಲೇ ಇಲ್ಲ. ತೊಂಬತ್ತನ್ನು ದಾಟಿದ್ದು ಗೊತ್ತಿತ್ತು. ಪ್ಯಾಂಟಿನ ಕೊಂಡಿ ಹೇಳುತ್ತಿತ್ತು. ಸೊಂಟ, ಎಪ್ಪತ್ತಾರು, ಎಂದು ಬರೆದಳು. ಎಷ್ಟು ಚಂದದ ಅಂಕಿ ಅದು. ಹಾಳೆಯ ಮೇಲೆ ಅದನ್ನು ನೋಡುತ್ತ ಆ ಅಂಕಿಯೊಳಗೆ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿರುವುದನ್ನು ಕಂಡಳು, ಅವಳ ಮೇಲೆ ಹೊಟ್ಟೆಕಿಚ್ಚೂ ಪಟ್ಟಳು.

ಬರೆಯುವಾಗ ಅವಳಿಗೆ ಹೊಳೆಯದೇ ಹೋದದ್ದು ಒಂದೇ. ಟೇಪಿಗೆ ಮೋಸ ಮಾಡಬಹುದು, ರಕ್ತಕ್ಕೆ ಯಾರೂ ಸುಳ್ಳು ಹೇಳಿಕೊಡಲಾರರು. ಅಳೆಯುವುದನ್ನೇ ಕಸುಬು ಮಾಡಿಕೊಂಡವಳು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆ ಯಾರಾದರೂ ಆಗಿದ್ದರೆ ಎಂಬತ್ತೆಂಟು ಎಂದು ಬರೆದು ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತಿದ್ದರು. ಅವಳು ಅಂಕಿಗಳನ್ನು ಬಲ್ಲವಳು. ಯಾವ ಅಂಕಿ ಬರೆದರೆ ಆರೋಗ್ಯವಂತರ ನಡುಮಧ್ಯದಲ್ಲಿ ಯಾರ ಕಣ್ಣಿಗೂ ಬೀಳದೆ ಕೂರಬಹುದು ಎಂದು ಲೆಕ್ಕ ಹಾಕಿಯೇ ಎಪ್ಪತ್ತಾರು ಬರೆದಿದ್ದಳು.

ಇವತ್ತು ಬೆಳಿಗ್ಗೆ ಅವಳು ಕೋಣೆಯ ಬಾಗಿಲು ತೆಗೆದಾಗ ಡಾಕ್ಟರಮ್ಮ ಆಗಲೇ ಬಂದು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ಎದುರಿಗೆ ರಕ್ತದಕ್ಕ ನಿಂತಿದ್ದಳು. ರಕ್ತ ಎಳೆಯುವ ಕೆಲಸದವಳು, ಐವತ್ತು ದಾಟಿದವಳು, ಇಡೀ ಆಸ್ಪತ್ರೆಗೆ ರಕ್ತದಕ್ಕ. "ನೀನು ಅಳೆಯೋಳು, ನಾನು ಚುಚ್ಚೋಳು, ಬಂದೋರು ಅಳೋರು" ಎಂದು ದಿನಕ್ಕೊಮ್ಮೆಯಾದರೂ ಹೇಳಿ ತಾನೇ ನಗುತ್ತಿದ್ದವಳು ಈಗ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. "ನೀವೇ ನೋಡಿ ಟೇಪಮ್ಮ" ಎಂದರು ಡಾಕ್ಟರಮ್ಮ, "ಹದಿನೇಳು. ಆರೋಗ್ಯವಂತರ ಗುಂಪು. ಸೊಂಟ ಎಪ್ಪತ್ತಾರು, ಮುಟ್ಟು ಸರಿ, ಮುಖದ ಮೇಲೆ ಕೂದಲಿಲ್ಲ ಅಂತ ಬರೆದಿದೆ. ರಕ್ತದಲ್ಲಿ ನೋಡಿದ್ರೆ ಗಂಡು ಹಾರ್ಮೋನು ಇಷ್ಟು, ಇನ್ಸುಲಿನ್ ಇಷ್ಟು. ಅದೇ ದಿನದ ಹದಿನೆಂಟು ಕಾಯಿಲೆಯವಳು, ಅವಳ ರಕ್ತ ನಾರ್ಮಲ್. ತೆಳ್ಳಗಿರೋರಿಗೂ ಈ ಕಾಯಿಲೆ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಬೇರೆ ಯಾವ ಲಕ್ಷಣವೂ ಇಲ್ದೆ? ಈ ಸೊಂಟಕ್ಕೆ ಈ ರಕ್ತ ಅಲ್ಲ. ಟ್ಯೂಬು ಅದಲು ಬದಲಾಗಿದೆ." ರಕ್ತದಕ್ಕ, "ನಾನು ಚೀಟಿ ಅಂಟಿಸದೆ ಸೂಜಿ ಮುಟ್ಟೋದೇ ಇಲ್ಲ ಮೇಡಂ" ಎಂದಳು. "ಹಾಗಾದ್ರೆ ಅಳತೆ ತಪ್ಪಾ? ಅಳತೆ ಟೇಪಮ್ಮಂದು." ಅಷ್ಟಕ್ಕೆ ಮಾತು ಮುಗಿದೇ ಹೋಯಿತು. ಟೇಪಮ್ಮನ ಅಳತೆ ತಪ್ಪುವುದುಂಟೇ. "ನಾಲ್ಕು ಗಂಟೆಗೆ ಆಫೀಸಿಗೆ ಬರೆದು ಕಳಿಸ್ತೀನಿ ರಕ್ತದಕ್ಕ. ನಿಮ್ಮ ಕೈ ನಡುಗೋದನ್ನ ನಾನೂ ನೋಡಿದ್ದೀನಿ. ಮುಂದಿನ ತಿಂಗಳು ಹೇಗೂ ನಿಮ್ಮ ಅವಧಿ ಮುಗಿಯುತ್ತಲ್ಲ, ಮುಂದುವರಿಸೋದು ಬೇಡ ಅಂತ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ, ಹೊಟ್ಟೆಗೆ ಹಾಕ್ಕೊಳ್ಳಿ."

ಹೊಟ್ಟೆಗೆ ಹಾಕಿಕೊಳ್ಳುವುದು. ಅವಳಿಗೆ ಅಷ್ಟು ಹೊತ್ತಿನಲ್ಲೂ ನಗು ಬಂತು. ಅಮ್ಮನದೂ ಅದೇ ಮಾತು. ಸೋದರತ್ತೆ ಮನೆ ತುಂಬ ಜನರಿದ್ದಾಗ ಅವಳ ನಡು ತಟ್ಟಿ "ಇವಳಿಗೆ ನಮ್ಮಣ್ಣನ ಮೈಕಟ್ಟೇ ಬಂದುಬಿಟ್ಟಿದೆ, ಹಿಂದೆ ಚಪ್ಪಟೆ ಮುಂದೆ ಗುಡಾಣ" ಎಂದಾಗ, ಹೊಟ್ಟೆಗೆ ಹಾಕ್ಕೋ. ಮದುವೆಯಾದ ಎರಡನೇ ವರ್ಷ ಗಂಡ ಹಿಂದಿನಿಂದ ತಬ್ಬಿಕೊಂಡವನು ಕೈ ತೆಗೆದು, "ನಿನ್ನನ್ನ ತಬ್ಕೊಂಡ್ರೆ ನಮ್ಮ ಆಫೀಸಿನ ಗೆಳೆಯನ್ನ ತಬ್ಕೊಂಡ ಹಾಗಾಗುತ್ತೆ" ಎಂದು ನಕ್ಕು, ಅವಳು ನಗದಿದ್ದಾಗ "ತಮಾಷೆ ಕಣೇ" ಎಂದಾಗ, ಹೊಟ್ಟೆಗೆ ಹಾಕ್ಕೋ. ಅವನು ಆಮೇಲೆ ಎರಡು ವರ್ಷ ಇದ್ದ, ಎದುರಿನಿಂದಲೂ ತಬ್ಬಲಿಲ್ಲ, ಹಿಂದಿನಿಂದಲೂ ತಬ್ಬಲಿಲ್ಲ, ಕೊನೆಗೆ ಜಗಳವೂ ಇಲ್ಲದೆ ಹೋದ. ಎಲ್ಲವನ್ನೂ ಹಾಕಿಕೊಂಡೂ ಹಾಕಿಕೊಂಡೂ ಈ ಹೊಟ್ಟೆ ಬಂದಿದೆ. ಡಾಕ್ಟರಮ್ಮ ಅದನ್ನು ಯಾವ ಹಾರ್ಮೋನಿನ ತಲೆಗೆ ಬೇಕಾದರೂ ಕಟ್ಟಲಿ. ಹೇಳಿಬಿಡಬೇಕು, ಎಂದುಕೊಂಡಳು. ಬಾಯಿ ತೆರೆದಳು. "ಮೇಡಂ, ಹೊರಗೆ ಮೂರು ಜನ ಕಾಯ್ತಾ ಇದ್ದಾರೆ" ಎಂದಳು.

ಮೊದಲು ಬಂದವಳು ಹದಿನಾರರ ಹುಡುಗಿ, ಜೊತೆಗೆ ಅವಳ ತಾಯಿ. ತಾಯಿ ಪರದೆಯ ಆಚೆಗೆ ಕೂತೇ ಮಾತಾಡುತ್ತಿದ್ದಳು, "ತಿನ್ನೋದು ಅಂದ್ರೆ ಹಕ್ಕಿ ಹಾಗೆ ತಿಂತಾಳೆ ಟೇಪಮ್ಮ, ಬರೋದು ಮಾತ್ರ ಎಲ್ಲಾ ಹೊಟ್ಟೆಗೇ. ಕೈಕಾಲು ನೋಡಿ, ಕಡ್ಡಿ. ಯಾರಿಗಾದ್ರೂ ಹೇಳೋಕಾಗುತ್ತಾ? ಏನೇನೋ ತಿಳ್ಕೋತಾರೆ." ಈಚೆಗೆ ಹುಡುಗಿ ಅಂಗಿ ಮೇಲೆತ್ತಿ ಹಿಡಿದು, ಕಣ್ಣು ಮುಚ್ಚಿ, ಹೊಟ್ಟೆಯನ್ನು ಪಕ್ಕೆಲುಬಿನ ಕೆಳಗೆ ಎಲ್ಲಾದರೂ ಬಚ್ಚಿಡಲು ಒದ್ದಾಡುತ್ತಿದ್ದಳು. ಅವಳು ಚುಕ್ಕೆ ಇಟ್ಟಳು. ಟೇಪು ಸುತ್ತಿದಳು. "ಹೊಟ್ಟೆ ಬಿಡಮ್ಮ." "ಬಿಟ್ಟಿದ್ದೀನಿ." "ಬಿಟ್ಟಿಲ್ಲ." "ಬಿಟ್ರೆ ಜಾಸ್ತಿ ಬರುತ್ತೆ." "ಎಷ್ಟಿದೆಯೋ ಅಷ್ಟು ಬರುತ್ತೆ." ಹುಡುಗಿ ಉಸಿರು ಬಿಟ್ಟಳು, ಹೊಟ್ಟೆ ಟೇಪಿಗೆ ಬಂದು ತಾಗಿತು, ಬೆಚ್ಚಗೆ, ಯಾವ ತಪ್ಪೂ ಮಾಡದ ಹಾಗೆ. ಎಂಬತ್ತೊಂಬತ್ತೂವರೆ. ಬಗ್ಗಿ ಬರೆದುಕೊಳ್ಳುವಾಗ ಹುಡುಗಿ ಹತ್ತಿರದಿಂದ ಅವಳ ಗದ್ದವನ್ನು, ಬೆಳಿಗ್ಗೆ ರಕ್ತ ಬಂದ ಜಾಗವನ್ನು, ನೋಡುತ್ತಿದ್ದಳು. ಮೆಲ್ಲಗೆ, ತಾಯಿಗೆ ಕೇಳದ ಹಾಗೆ ಕೇಳಿದಳು, "ಅಕ್ಕಾ, ನಿಮಗೂ ಇದ್ಯಾ?"

ಆ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ಕತ್ತಲಲ್ಲಿ ಇನ್ನೊಂದು ಕೈ ಸಿಗಬಹುದೇನೋ ಎಂದು ತಡವುವ ಹಾಗೆ ಕೇಳಿದ್ದಳು. ಹೂಂ ಎಂದಿದ್ದರೆ ಸಾಕಾಗಿತ್ತು. ಆ ಒಂದು ಹೂಂಗೆ ಹುಡುಗಿಯ ಭುಜ ಎಷ್ಟು ಇಳಿಯುತ್ತಿತ್ತು ಎಂಬುದನ್ನೂ ಅವಳು ಅಳೆದು ಹೇಳಬಲ್ಲಳು. "ಇಲ್ಲಪ್ಪ. ಇದು ಮೊಡವೆ ಗಾಯ" ಎಂದಳು. ಹುಡುಗಿ ಅಂಗಿ ಕೆಳಗೆ ಬಿಟ್ಟು, "ಸಾರಿ" ಎಂದಳು. ಆ ಸಾರಿಯನ್ನು ಅವಳು ಊಟದ ಹೊತ್ತಿನವರೆಗೂ ಕಿವಿಯಲ್ಲಿ ಇಟ್ಟುಕೊಂಡು ಓಡಾಡಿದಳು. ತನ್ನ ಬಗ್ಗೆ ಇಷ್ಟು ಹೇಸಿಗೆ ಅವಳಿಗೆ ಕನ್ನಡಿಯ ಮುಂದೆ ಕೂಡ ಆಗಿರಲಿಲ್ಲ.

ಊಟದ ಡಬ್ಬಿ ಬಿಚ್ಚುವ ಕಲ್ಲುಬೆಂಚಿನ ಮೇಲೆ ರಕ್ತದಕ್ಕ ಡಬ್ಬಿ ಬಿಚ್ಚದೆ ಕೂತಿದ್ದಳು. ಎಡಗೈ ಬಲಗೈಯನ್ನು ಹಿಡಿದುಕೊಂಡಿತ್ತು. "ನಡುಗುತ್ತೆ, ನಿಜ" ಎಂದಳು ರಕ್ತದಕ್ಕ, ಕೇಳದೆಯೇ. "ಸೂಜಿ ಹಿಡಿದ್ರೆ ಮಾತ್ರ ನಡುಗಲ್ಲ ಕಣೇ. ಅದು ಯಾಕೋ ಗೊತ್ತಿಲ್ಲ. ಲೋಟ ಹಿಡಿದ್ರೆ ನಡುಗುತ್ತೆ, ಸೂಜಿ ಹಿಡಿದ್ರೆ ನಿಲ್ಲುತ್ತೆ. ಹೇಳಿದ್ರೆ ನಂಬ್ತಾರಾ?" "ಅಕ್ಕಾ" ಎಂದಳು ಅವಳು. ರಕ್ತದಕ್ಕ ಕಾದಳು. ಅವಳಿಗೆ ತಾನು ರಕ್ತ ಕೊಟ್ಟ ದಿನದ ಬೆಳಗು ನೆನಪಾಯಿತು. ಖಾಲಿ ಹೊಟ್ಟೆಯಲ್ಲಿ ಇದೇ ಹೆಂಗಸಿನ ಮುಂದೆ ತೋಳು ಚಾಚಿ ಕೂತದ್ದು, ಇವಳು ಚೀಟಿಯ ಮೇಲೆ ಹದಿನೇಳು ಎಂದು ದೊಡ್ಡಕ್ಷರದಲ್ಲಿ ಬರೆದು ಟ್ಯೂಬಿಗೆ ಅಂಟಿಸಿದ್ದು, ಹೆಬ್ಬೆರಳಿನಿಂದ ಎರಡು ಸಲ ಒತ್ತಿದ್ದು. ಇವಳಿಗೆ ಗೊತ್ತು. ಇವಳಿಗೆ ಮೊದಲಿಂದಲೂ ಗೊತ್ತು. ಬೆಳಿಗ್ಗೆ ಆ ಮೇಜಿನ ಮುಂದೆ ಒಂದೇ ಮಾತಿನಲ್ಲಿ, ಆ ನಂಬರು ಇವಳದೇ ಮೇಡಂ ಎಂದು ಬೆರಳು ತೋರಿಸಿ ಪಾರಾಗಬಹುದಿತ್ತು, ತೋರಿಸಲಿಲ್ಲ. "ಉಪ್ಪು ಕಮ್ಮಿ ಇದ್ರೆ ಹೇಳು, ನನ್ನ ಹತ್ರ ಇದೆ" ಎಂದಳು ರಕ್ತದಕ್ಕ, ಅವಳು ಮಾತು ಮುಂದುವರಿಸದ್ದನ್ನು ನೋಡಿ. ಅವಳಿಗೆ ಕೋಪ ಬಂತು. ಯಾರು ಕೇಳಿದ್ದರು ಇವಳನ್ನು ಈ ದೊಡ್ಡತನ ತೋರಿಸು ಎಂದು? ಕನಿಕರ ಎಂಬುದನ್ನು ಜನ ಎಷ್ಟು ಸುಲಭವಾಗಿ ಇನ್ನೊಬ್ಬರ ಕುತ್ತಿಗೆಗೆ ಹಾಕಿಬಿಡುತ್ತಾರೆ. ತುತ್ತು ನುಂಗಿದಳು. ಉಪ್ಪು ಸರಿಯಾಗಿಯೇ ಇತ್ತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಡಾಕ್ಟರಮ್ಮ ಆಫೀಸಿಗೆ ಕಳಿಸುವ ಕಾಗದವನ್ನು ಓದಿ ಹೇಳಿದರು, ಕೆಟ್ಟ ಮನಸ್ಸಿನಿಂದಲ್ಲ, ಒಂದು ಮಾತೂ ಅನ್ಯಾಯವಾಗಬಾರದೆಂದು. ರಕ್ತದಕ್ಕ ಹೂಂ ಹೂಂ ಎಂದು ಕೇಳಿಸಿಕೊಂಡಳು. ಸಹಿ ಹಾಕಲು ಪೆನ್ನು ತೆಗೆದುಕೊಂಡಾಗ ಆ ಕೈ ನಡುಗಿತು, ಪೆನ್ನು ಕಾಗದದ ಮೇಲೆ ಟಕಟಕ ಎಂದಿತು. ಡಾಕ್ಟರಮ್ಮ ಟೇಪಮ್ಮನ ಕಡೆ ತಿರುಗಿ, ನೋಡಿದಿರಾ ಎನ್ನುವ ಹಾಗೆ ಹುಬ್ಬೆತ್ತಿದರು. ಆ ಹುಬ್ಬು ಅವಳನ್ನು ತನ್ನ ಕಡೆಗೆ, ಸರಿಯಾಗಿರುವವರ ಕಡೆಗೆ, ಕರೆಯುತ್ತಿತ್ತು. ಅದನ್ನು ತಡೆದುಕೊಳ್ಳಲು ಆಗಲಿಲ್ಲ. "ಹದಿನೇಳು ನಾನೇ" ಎಂದಳು. ಸದ್ದು ತನಗೇ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದಳು. "ಆ ರಕ್ತ ಸರಿಯಾಗಿದೆ ಮೇಡಂ. ಸೊಂಟ ಸುಳ್ಳು. ನಂಗೆ ಹತ್ತೊಂಬತ್ತನೇ ವಯಸ್ಸಿಂದ ಇದೆ."

ಹದಿನೈದು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಉಗುಳಿದರೆ ಏನಾಗುತ್ತದೆ ಎಂದು ಅವಳು ಬಹಳ ಕಲ್ಪಿಸಿಕೊಂಡಿದ್ದಳು. ನಗುತ್ತಾರೆ, ಬೈಯುತ್ತಾರೆ, ಅಥವಾ ಎದ್ದು ಬಂದು ಭುಜ ಹಿಡಿಯುತ್ತಾರೆ. ಡಾಕ್ಟರಮ್ಮನ ಮುಖ ಅರಳಿತು. "ಹೌದಾ! ಹಾಗಾದ್ರೆ ಟ್ಯೂಬು ಸರಿ! ಹದಿನೆಂಟೂ ಸರಿ! ಅಬ್ಬಾ, ನಾನು ಎರಡನ್ನೂ ಎಸೀಬೇಕು ಅಂತಿದ್ದೆ" ಎಂದು ಕಾಗದವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. "ನೋಡಿ, ಕಾಯಿಲೆಯವರ ಗುಂಪಿಂದ ಒಬ್ಬರು ಬಿಟ್ಟು ಹೋಗಿದ್ರು, ಯಾರನ್ನ ಹುಡುಕಲಿ ಅಂತ ಯೋಚಿಸ್ತಿದ್ದೆ. ನೀವು ಆ ಕಡೆ ಹೋಗಿಬಿಡಿ." ರಬ್ಬರು ತೆಗೆದುಕೊಂಡು ಹದಿನೇಳರ ಹಾಳೆಯ ಮೇಲಿನ ಆರೋಗ್ಯವಂತರು ಎಂಬುದನ್ನು ಉಜ್ಜಿದರು. ಸುಳ್ಳಿನ ಕಡೆಯಿಂದ ನಿಜದ ಕಡೆಗೆ ಅವಳು ದಾಟಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಉಜ್ಜುವ ಕೈ ನಿಂತಿತು. "ಅಲ್ಲಾ ಟೇಪಮ್ಮ, ಇದೊಂದನ್ನ ಹೀಗೆ ಬರೆದಿದ್ರೆ, ಉಳಿದ ಅಳತೆಗಳನ್ನೆಲ್ಲ ನಾನು ಹೇಗೆ ನಂಬಲಿ?" "ಅವೆಲ್ಲಾ ಸರಿ ಮೇಡಂ. ಮೂರು ಮೂರು ಸಲ ಅಳೆದಿದ್ದೀನಿ." "ಇರಬಹುದು" ಎಂದರು ಡಾಕ್ಟರಮ್ಮ, ಮೃದುವಾಗಿ. ಆ ಮೃದುತ್ವಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು. "ನಾಳೆಯಿಂದ ಬೇರೆಯವರು ಮತ್ತೆ ಅಳೀತಾರೆ. ಟೇಪು ಇಲ್ಲಿಟ್ಟುಬಿಡಿ. ಈಗ ನಿಮ್ಮದೊಂದು ಸರಿಯಾಗಿ ತಗೊಂಡುಬಿಡೋಣ. ರಕ್ತದಕ್ಕ, ನಿಮಗೆ ಬರುತ್ತಲ್ಲ?"

ಪರದೆಯ ಹಿಂದೆ ಇಬ್ಬರಿಗೆ ಜಾಗ ಸಾಲದು ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು. ಅಂಗಿ ಮೇಲೆತ್ತಿ ಹಿಡಿದಳು. ಕಿಟಕಿಯ ಬೆಳಕು ಹೊಟ್ಟೆಯ ಮೇಲೆ, ಅಲ್ಲಿನ ನಸುಗಪ್ಪು ರೋಮದ ಗೆರೆಯ ಮೇಲೆ ಬಿತ್ತು. ಗಂಡನೂ ಹಗಲಿನಲ್ಲಿ ನೋಡಿರದ ಹೊಟ್ಟೆ. ರಕ್ತದಕ್ಕ ಪಕ್ಕೆಲುಬನ್ನು ಹುಡುಕಿದಳು, ಮೂಳೆಯನ್ನು ಹುಡುಕಿದಳು, ಅವಳು ದಿನವೂ ಮಾಡುವುದನ್ನು ನೋಡಿ ನೋಡಿ ಕಲಿತವಳ ಹಾಗೆ. ಟೇಪು ತಣ್ಣಗಿತ್ತು. ಇಷ್ಟು ತಣ್ಣಗಿರುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅದು ತಾಗಿದ ಕ್ಷಣ ಅವಳ ಹೊಟ್ಟೆ ತಾನಾಗಿಯೇ ಒಳಗೆ ಹೋಯಿತು. "ಹೊಟ್ಟೆ ಬಿಡೇ" ಎಂದಳು ರಕ್ತದಕ್ಕ. "ಬಿಟ್ಟಿದ್ದೀನಿ." "ಬಿಟ್ಟಿಲ್ಲ." ಬಿಟ್ಟಳು. ಟೇಪಿನ ಎರಡು ತುದಿ ಹಿಡಿದ ಕೈಗಳು ನಡುಗುತ್ತಿರಲಿಲ್ಲ, ಒಂದಿಷ್ಟೂ. ರಕ್ತದಕ್ಕ ಬಗ್ಗಿ ಅಂಕಿಯನ್ನು ಓದಿದಳು, ತಲೆಯೆತ್ತಿ ಪರದೆಯ ಕಡೆ ಒಮ್ಮೆ ನೋಡಿದಳು, ಆಮೇಲೆ ಅವಳ ಕಿವಿಯ ಹತ್ತಿರ ಬಾಯಿ ತಂದು, ಬೆಳಿಗ್ಗೆಯಿಂದ ಹೊಟ್ಟೆಗೆ ಹಾಕಿಕೊಂಡಿದ್ದ ಅದೇ ಕನಿಕರದಲ್ಲಿ ಪಿಸುಗುಟ್ಟಿದಳು, "ಎಷ್ಟು ಅಂತ ಹೇಳ್ಲಿ?"

ಆಚೆಯಿಂದ ಡಾಕ್ಟರಮ್ಮ, "ಎಷ್ಟು ಬಂತು?" ಎಂದರು.

ರಕ್ತದಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಅವಳು ಬಗ್ಗಿ ತನ್ನ ಸೊಂಟದ ಮೇಲಿನ ಟೇಪನ್ನು ತಾನೇ ಓದಿದಳು, ತಲೆಕೆಳಗಾದ ಅಂಕಿಯಾದರೂ ಅವಳಿಗೆ ಅಭ್ಯಾಸವಿತ್ತು.

"ತೊಂಬತ್ತೊಂದೂವರೆ" ಎಂದಳು ಗಟ್ಟಿಯಾಗಿ, ಹೊರಗಿನ ಬೆಂಚಿಗೂ ಕೇಳುವ ಹಾಗೆ. "ಆ ಅರ್ಧ ಬಿಡಬೇಡಿ ಮೇಡಂ. ಬರೀರಿ."